ಬೆನ್ನವ್ವನ ಗುಡ್ಡ

ಕರೇಕಲ್ಲು ದುರ್ಗದ ಪಡುವಲ ಬುರುಜಿನ ಮೇಲೆ ನಿಂತು ಕಣಿವೆಯ ಆಚೆಗೆ ಕಣ್ಣು ಹಾಯಿಸಿದರೆ ಬೋಳು ಬಂಡೆಗಳ ಒಂದು ಗುಡ್ಡ ಕಾಣುತ್ತದೆ. ಅದರ ನೆತ್ತಿಯ ಅಂಚಿನಲ್ಲಿ, ಇನ್ನೊಂದು ಹೆಜ್ಜೆ ಇಟ್ಟರೆ ಪ್ರಪಾತ ಎನ್ನುವ ಜಾಗದಲ್ಲಿ, ಹೆಂಗಸೊಬ್ಬಳು ಮಂಡಿ ಮಡಿಸಿ ಕೂತ ಹಾಗೆ ಕಾಣುವ ಕಲ್ಲೊಂದಿದೆ. ಅದರ ಬೆನ್ನು ಕೋಟೆಯ ಕಡೆಗೆ, ಮುಖ ಬಯಲಿನ ಕಡೆಗೆ. ಪೂಜೆಯೆಲ್ಲ ಬೆನ್ನಿಗೇ ನಡೆಯುತ್ತದೆ. ಅರಿಶಿನ ಹಚ್ಚುವುದು ಬೆನ್ನಿಗೆ, ಹೂವಿನ ದಂಡೆ ಇಳಿಬಿಡುವುದು ಬೆನ್ನ ಮೇಲೆ, ಮಂಗಳಾರತಿ ಎತ್ತುವುದೂ ಬೆನ್ನಿಗೆ. ಹೊಸದಾಗಿ ಬಂದವರು ಮುಖ ನೋಡಬೇಕಲ್ಲ ಎಂದರೆ ಪೂಜಾರಿ "ಅದು ನಮಗೆ ತೋರ್ಸೋ ಮುಖ ಅಲ್ಲ ಸ್ವಾಮಿ" ಎಂದು ಹೇಳಿ ಕುಂಕುಮ ಕೊಡುತ್ತಾನೆ. ಈಚೆಗೆ ಕೆಲವು ಹುಡುಗರು ಮೊಬೈಲನ್ನು ಕೋಲಿಗೆ ಕಟ್ಟಿ ಅಂಚಿನಾಚೆ ಚಾಚಿ ಫೋಟೊ ತೆಗೆದರಂತೆ. ಬಿಸಿಲಿನ ಝಳದಲ್ಲಿ ಏನೂ ಮೂಡಲಿಲ್ಲವಂತೆ. ಮೂಡದೆ ಇದ್ದದ್ದೇ ಒಳ್ಳೆಯದಾಯಿತು.

ಕೋಟೆ ತೋರಿಸುವವರು ಮಾತ್ರ ಈ ಗುಡ್ಡದ ಸುದ್ದಿಯನ್ನು ಬೇಗ ಬೇಗ ಮುಗಿಸುತ್ತಾರೆ. ಅವರಿಗೆ ಬೇಕಾದದ್ದು ಸೂರಪ್ಪ ನಾಯಕ. ಸೂರಪ್ಪ ನಾಯಕ ಬುರುಜು ಕಟ್ಟಿಸಿದ, ಕೆರೆ ತೋಡಿಸಿದ, ಒಡೆದು ಹೋಗಲಿದ್ದ ಸಂಸ್ಥಾನವನ್ನು ಒಂದೇ ಬೆಳಗಿನಲ್ಲಿ ಒಂದು ಮಾಡಿದ ಎಂದು ಅವರು ಎದೆಯುಬ್ಬಿಸಿ ಹೇಳುತ್ತಾರೆ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ಆ ಒಂದು ಬೆಳಗಿನಲ್ಲಿ ನಡೆದದ್ದೇನು ಎಂದು ಒಬ್ಬರಾದರೂ ಕೇಳಬೇಡವೆ? ಕೇಳುವುದಿಲ್ಲ. ಹಾಗಾಗಿ ಅದನ್ನು ಇಲ್ಲಿ ಹೇಳಬೇಕಾಗಿದೆ. ಕೋಟೆಯ ಸುತ್ತಲಿನ ಏಳು ಹಟ್ಟಿಗಳ ಹೆಂಗಸರು ತಮ್ಮ ತಾಯಂದಿರಿಂದ ಕೇಳಿ ಉಳಿಸಿಕೊಂಡು ಬಂದ ಐತಿಹ್ಯ ಇದು. ಗಂಡಸರ ಬಾಯಲ್ಲಿ ಇದು ಉಳಿಯಲಿಲ್ಲ, ಉಳಿಯದಿರಲು ಕಾರಣವೂ ಇದೆ.

ಹಿಂದೆ ಒಮ್ಮೆ, ಕರೇಕಲ್ಲು ಪಾಳೆಯಪಟ್ಟಾಗಿದ್ದ ಕಾಲದಲ್ಲಿ, ಅರಮನೆಯಲ್ಲಿ ಹುಟ್ಟಿದ ಗಂಡುಕೂಸುಗಳಿಗೆ ಹಾಲೂಡಲು ಹಟ್ಟಿಯಿಂದ ಒಬ್ಬ ಬಾಣಂತಿಯನ್ನು ಕರೆತರುತ್ತಿದ್ದರು. ಅವಳನ್ನು ಹಾಲವ್ವ ಎನ್ನುತ್ತಿದ್ದರು. ಹಾಲು ಬಿಡಿಸಿದ ಮೇಲೂ ಹಾಲವ್ವನ ಸ್ಥಾನ ಹೋಗುತ್ತಿರಲಿಲ್ಲ. ಅವಳಿಗೆ ಎರಡು ಹಕ್ಕುಗಳಿದ್ದವು ಎನ್ನುತ್ತಾರೆ. ಪಟ್ಟದ ದಿನ ಹೊಸ ನಾಯಕ ರುಮಾಲು ಸುತ್ತಿ ಕೂತಾಗ ಅವನ ಮುಖಕ್ಕೆ ದೀಪ ಹಿಡಿದು ನೋಡಿ, "ನಾ ಕಂಡೆ, ನನ್ನ ಮಗನೇ ಹೌದು" ಎಂದು ಹೇಳಬೇಕಾದವಳು ಅವಳು. ಹಿಂದೆ ಯಾವನೋ ವೇಷಧಾರಿ ಬಂದು ನಾನೇ ನಾಯಕ ಎಂದು ಕೂತಿದ್ದನಂತೆ, ಆಗಿನಿಂದ ಬಂದ ಶಾಸ್ತ್ರ. ಅವಳು ಆ ಮಾತು ಹೇಳಿದ ಮೇಲೆಯೇ ಏಳು ಹಟ್ಟಿಯ ಯಜಮಾನರು ತಮ್ಮ ಈಟಿಗಳನ್ನು ಹೊಸ ನಾಯಕನ ಕಾಲ ಬಳಿ ಇಡುತ್ತಿದ್ದರು. ಇನ್ನೊಂದು ಹಕ್ಕು ಅವಳ ಸೆರಗಿನದು. ಹಾಲವ್ವನ ಸೆರಗು ಹಿಡಿದವನು ಎಂಥ ತಪ್ಪು ಮಾಡಿದ್ದರೂ, ಅವನು ಹಿಡಿದಿರುವಷ್ಟು ಹೊತ್ತು ಅವನ ಮೇಲೆ ಯಾರೂ ಕೈಯೆತ್ತುವಂತಿರಲಿಲ್ಲ. ಮಕ್ಕಳ ಆಟದಿಂದ ಹುಟ್ಟಿದ್ದು ದೊಡ್ಡವರ ಕಟ್ಟಳೆಯಾಗಿ ನಿಂತಿತ್ತು.

ಆ ಕಾಲದ ಹಾಲವ್ವನ ಹೆಸರು ಕಾಟವ್ವ. ತನ್ನದೇ ಕೂಸು ಹುಟ್ಟಿದ ವಾರದಲ್ಲೇ ಮಣ್ಣಾಗಿ, ಎದೆಹಾಲು ಕಟ್ಟಿ ಒದ್ದಾಡುತ್ತಿದ್ದಾಗ ಅರಮನೆಯವರು ಕರೆದೊಯ್ದರು. ಕಿರಿಯ ರಾಣಿಯ ಮಗ ಸೂರಪ್ಪನಿಗೆ ಒಂದು ಎದೆ, ಕೆಲವು ತಿಂಗಳ ನಂತರ ಹುಟ್ಟಿದ ಪಟ್ಟದ ರಾಣಿಯ ಮಗ ಓಬಳೇಶನಿಗೆ ಇನ್ನೊಂದು ಎದೆ. ಸೂರಪ್ಪ ಕಚ್ಚಿ ಕುಡಿಯುವ ಕೂಸು, ಓಬಳೇಶ ಕುಡಿಯುತ್ತ ಕುಡಿಯುತ್ತ ನಿದ್ದೆ ಹೋಗುವ ಕೂಸು ಎಂದು ಅವಳು ಮುದುಕಿಯಾದ ಮೇಲೂ ನೆನೆಸಿಕೊಂಡು ನಗುತ್ತಿದ್ದಳಂತೆ. ಇಬ್ಬರೂ ಮೀಸೆ ಹೊತ್ತ ಗಂಡಸರಾದರು, ಅವಳಿಗೆ ಮಾತ್ರ ಅದೇ ಕೂಸುಗಳು. ಇಬ್ಬರಲ್ಲಿ ಯಾರ ಕಾಲಿಗೆ ಮುಳ್ಳು ಚುಚ್ಚಿದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಹಳೆಯ ನಾಯಕ ಬೇಟೆಗೆ ಹೋದವನು ಜ್ವರ ಹತ್ತಿ, ಮುಂದಿನ ನಾಯಕ ಯಾರು ಎಂದು ಹೇಳದೆಯೇ ಸತ್ತ. ಪಟ್ಟದ ರಾಣಿಯ ಮಗನಿಗೆ ಪಟ್ಟ ಎನ್ನುವವರು ಕೆಲವರು, ಹಿರಿಯವನಿಗೆ ಎನ್ನುವವರು ಕೆಲವರು. ಓಬಳೇಶ ಆಗ ಗಡಿಯ ಠಾಣೆಯಲ್ಲಿದ್ದ. ಸೂರಪ್ಪ ಕೋಟೆಯಲ್ಲೇ ಇದ್ದ. ಅಪ್ಪನ ಹೆಣಕ್ಕೆ ಬೆಂಕಿ ಇಡುವ ಮೊದಲು ಅವನು ಮಾಡಿದ ಕೆಲಸವೆಂದರೆ ಕಣಜದ ಬೀಗ, ಮದ್ದಿನ ಮನೆಯ ಬೀಗ, ದೊಡ್ಡ ಬಾಗಿಲಿನ ಬೀಗ ಮೂರರ ಕೀಲಿಕೈಗಳನ್ನೂ ತನ್ನ ನಡುವಿಗೆ ಕಟ್ಟಿಕೊಂಡದ್ದು. ತನಗೂ ಪಾಲು ಬರಬೇಕೆಂದು ಗೊಣಗುತ್ತಿದ್ದ ಚಿಕ್ಕಪ್ಪನೊಬ್ಬನಿಗೆ ಎರಡು ಹಳ್ಳಿ ಉಂಬಳಿ ಕೊಟ್ಟು ಬಾಯಿ ಮುಚ್ಚಿಸಿದ. ಓಬಳೇಶ ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಬಾಗಿಲು ಹಾಕಿತ್ತು. ಅಪ್ಪನ ಬೂದಿಯನ್ನು ನೋಡಲೂ ಅವನನ್ನು ಒಳಗೆ ಬಿಡಲಿಲ್ಲ. ಅವನು ತನ್ನನ್ನು ನಂಬಿದ ಮೂರು ಹಟ್ಟಿಗಳ ಜನರನ್ನು ಕಟ್ಟಿಕೊಂಡು ಎದುರಿನ ಗುಡ್ಡ ಹತ್ತಿದ. ಆಗ ಅದಕ್ಕೆ ನವಿಲುಗುಡ್ಡ ಎಂದು ಹೆಸರು. ಬೇಸಿಗೆಯಲ್ಲೂ ನೀರು ಆರದ ದೊಣೆಯೊಂದು ಅಲ್ಲಿತ್ತು, ಹತ್ತಲು ಇದ್ದದ್ದು ಒಂದೇ ಕಿರುದಾರಿ. ಸೂರಪ್ಪನ ಆಳುಗಳು ಹತ್ತಲು ಹೋದಾಗಲೆಲ್ಲ ಮೇಲಿನಿಂದ ಕಲ್ಲು ಉರುಳಿದವು. ಕೋಟೆಯ ಕೈಗೆ ಗುಡ್ಡ ಸಿಕ್ಕಲಿಲ್ಲ, ಗುಡ್ಡದ ಕೈಗೆ ಕೋಟೆಯೂ ಸಿಕ್ಕಲಿಲ್ಲ. ನಡುವಿನ ಕಣಿವೆಯಲ್ಲಿ ಸಿಕ್ಕಿಕೊಂಡ ಏಳೂ ಹಟ್ಟಿಯ ದನಗಳು ಮೇವಿಲ್ಲದೆ ಬಡಕಲಾದವು.

ಸೂರಪ್ಪನಿಗೆ ಇನ್ನೊಂದು ತೊಡಕಿತ್ತು. ರುಮಾಲು ಸುತ್ತಿಕೊಂಡು ಕೂತರೂ ಕಾಟವ್ವ ದೀಪ ಹಿಡಿಯಲು ಒಪ್ಪಲಿಲ್ಲ. "ಇಬ್ರೂ ನನ್ನೆದುರಿಗೆ ನಿಂತ್ಕಳಿ. ಯಜಮಾನ್ರು ಕೂತು ಯಾರಿಗೆ ಅಂತಾರೋ ಅವನ ಮಕಕ್ಕೆ ಹಿಡೀತೀನಿ. ಇನ್ನೊಬ್ಬ ಅವನ ಬಲಗೈಯಾಗಿ ಬಾಳ್ಲಿ" ಎಂದು ಪಟ್ಟು ಹಿಡಿದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಇಬ್ಬರೂ ಬದುಕಿರಬೇಕು. ಸಿಂಹಾಸನದ ಮೇಲೆ ಯಾರು ಕೂತರೂ ಅವಳಿಗೆ ಒಂದೇ ಆಗಿತ್ತು. ಸೂರಪ್ಪ ಕೆಲವು ದಿನ ಮುನಿಸು ತೋರಿಸಿದ, ಆಮೇಲೆ ಒಂದು ಸಂಜೆ ಅವಳ ಗುಡಿಸಲಿಗೇ ಬಂದು ಅವಳ ಮುಂದೆ ನೆಲದ ಮೇಲೆ ಕೂತ.

"ನೀನು ಹೇಳಿದ್ದೇ ಸರಿ ಕಣವ್ವ. ಹೋಗಿ ಅವನನ್ನ ಕರ್ಕಂಡು ಬಾ. ನನ್ನ ಮಾತು ಅವನು ನಂಬಲ್ಲ, ನಿನ್ನ ಸೆರಗು ಹಿಡ್ಕಂಡು ಬರ್ಲಿ."

"ಆಣೆ ಇಡು" ಎಂದಳು ಕಾಟವ್ವ.

"ನಿನ್ನ ಸೆರಗು ಹಿಡಿದೋನ ಮೇಲೆ ನನ್ನ ಕೈ ಎದ್ರೆ ನಾನು ನಿನ್ನ ಹಾಲು ಕುಡಿದೋನೇ ಅಲ್ಲ" ಎಂದು ಅವನು ಅವಳ ಪಾದ ಮುಟ್ಟಿದ. ಆ ಮಾತನ್ನು ಅವನು ಎಷ್ಟು ಅಳೆದು ಆಡಿದ್ದ ಎಂಬುದು ಆಗ ಅವಳಿಗೆ ತಿಳಿಯಲಿಲ್ಲ. ತಾಯಿಗೆ ಹೇಗೆ ತಿಳಿದೀತು? ಅವಳು ಅವನ ತಲೆ ನೇವರಿಸಿ, ಬಾಯಿಗೆ ಒಂದು ಚೂರು ಬೆಲ್ಲ ಹಾಕಿದಳಂತೆ. ಈ ಬೆಲ್ಲದ ಮಾತು ಬಂದಾಗ ನಮ್ಮ ಹಟ್ಟಿಯ ಮುದುಕಿಯರು ಇವತ್ತಿಗೂ ಥೂ ಎಂದು ಪಕ್ಕಕ್ಕೆ ಉಗಿಯುತ್ತಾರೆ.

ಮರುದಿನ ಕಾಟವ್ವ ಒಬ್ಬಳೇ ಗುಡ್ಡ ಹತ್ತಿದಳು. ಓಬಳೇಶನ ಜೊತೆಗಿದ್ದವರು ಹೋಗಬೇಡ ಎಂದರು. ಅವನು ಯೋಚಿಸಿದ. ಕೆಳಗೆ ಕಣಿವೆಯಲ್ಲಿ ಸೊರಗಿದ ದನಗಳನ್ನು ನೋಡಿದ, ಅವ್ವನ ಮುಖ ನೋಡಿದ, ಕತ್ತಿ ಬಿಚ್ಚಿ ಬಂಡೆಯ ಮೇಲಿಟ್ಟ. ಅವಳ ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹಿಂದೆ ಹಿಂದೆ ನಡೆದ. ದಾರಿಯಲ್ಲಿ, "ಅವ್ವಾ, ಇಷ್ಟು ದೊಡ್ಡ ಮೀಸೆ ಬಿಟ್ಕಂಡು ಹಿಂಗೆ ಬರ್ತಿದೀನಲ್ಲ, ಜನ ನಗಲ್ವಾ?" ಎಂದು ಕೇಳಿದನಂತೆ. ಅವಳು, "ನಗ್ಲಿ ಬಿಡು, ನಕ್ಕೋರ ಹಲ್ಲು ಎಣಿಸ್ಕಂತೀನಿ" ಎಂದಳಂತೆ. ಕಣಿವೆಯಲ್ಲಿ ದನ ಕಾಯುತ್ತಿದ್ದವರು ತಾಯಿ ಮಗ ನಗುತ್ತ ಹೋದದ್ದನ್ನು ಕಂಡರು. ಸದ್ಯ ಜಗಳ ಮುಗಿಯಿತು ಎಂದುಕೊಂಡು ಅವರೂ ನಕ್ಕರು.

ಕೋಟೆಯ ದೊಡ್ಡ ಬಾಗಿಲು ಹಾಕಿತ್ತು. ಬಾಗಿಲ ಅಗುಳಿ ಬಿಗಿದುಕೊಂಡಿದೆ, ಬೆಳಗಿನಿಂದ ಎಳೆದರೂ ಬರುತ್ತಿಲ್ಲ, ದಿಡ್ಡಿಯಲ್ಲಿ ಬನ್ನಿ ಎಂದು ಕಾವಲಿನವನು ಒಳಗಿನಿಂದ ಕೂಗಿದ. ದಿಡ್ಡಿ ಎಂದರೆ ದೊಡ್ಡ ಬಾಗಿಲಿನಲ್ಲೇ ಕೊರೆದ ಸಣ್ಣ ಬಾಗಿಲು. ಒಮ್ಮೆಗೆ ಒಬ್ಬರು, ಅದೂ ಸೊಂಟ ಬಗ್ಗಿಸಿ, ತಲೆ ಮೊದಲು ತೂರಿಸಿ ಒಳಗೆ ಹೋಗಬೇಕು. ಕಾಟವ್ವ ಮೊದಲು ಬಗ್ಗಿದಳು. ಅವಳು ಹೊಸ್ತಿಲಿಗೆ ಕಾಲಿಡುತ್ತಿದ್ದ ಹಾಗೆ ಒಳಗಿದ್ದ ಇಬ್ಬರು, ಬಾ ಅವ್ವ, ಹುಷಾರು ಎಂದು ಕೈ ಹಿಡಿದು ಎಳೆದುಕೊಂಡರು. ಸೆರಗು ಬಿಗಿಯಾಯಿತು. ಇನ್ನೊಂದು ಗೇಣು ಎಳೆದರೆ ಮುದುಕಿಯ ತಲೆಯ ಮೇಲಿನ ಸೆರಗು ಜಾರಿ, ಒಳಗಿನ ಅಂಗಳದಲ್ಲಿ ನೆರೆದಿದ್ದ ಅಷ್ಟು ಗಂಡಸರ ನಡುವೆ ಎದೆ ಬರಿದಾಗುತ್ತಿತ್ತು. ಓಬಳೇಶ ಅದನ್ನು ಕಂಡ. ತನ್ನನ್ನು ಹೊತ್ತು ಬೆಳೆಸಿದವಳ ಮಾನ ಹೋಗಬಾರದೆಂದು ಬೆರಳು ಸಡಿಲಿಸಿ ಸೆರಗು ಬಿಟ್ಟ. ಒಳಗೆ ಹೋಗಿ ಮತ್ತೆ ಹಿಡಿಯೋಣ ಎಂದು ಅವಳ ಹಿಂದೆಯೇ ಬಗ್ಗಿದ. ದಿಡ್ಡಿಯ ಮರೆಯಲ್ಲಿ ಕತ್ತಿ ಎತ್ತಿ ನಿಂತಿದ್ದವನು ಸೂರಪ್ಪನೇ. ಬಗ್ಗಿದ ಕತ್ತು ಮತ್ತೆ ಮೇಲೇಳಲಿಲ್ಲ.

ಓಬಳೇಶ ಸೆರಗು ಬಿಡುತ್ತಾನೆಂದು ಸೂರಪ್ಪನಿಗೆ ಗೊತ್ತಿತ್ತು. ಜೊತೆಯಲ್ಲಿ ಬೆಳೆದವನಿಗೆ ಗೊತ್ತಿರದೆ ಏನು? ಹಗೆಯ ಕೆಟ್ಟತನವನ್ನು ನೆಚ್ಚಿಕೊಂಡು ಹೂಡಿದ ಹೂಟ ಅಲ್ಲ ಇದು, ಅವನ ಒಳ್ಳೆಯತನವನ್ನು ನೆಚ್ಚಿಕೊಂಡು ಹೂಡಿದ್ದು. ಇದನ್ನು ಶೌರ್ಯ ಎನ್ನುವವರ ನಾಲಿಗೆಗೆ ಏನು ಹೇಳೋಣ!

ಅಂಗಳದಲ್ಲಿ ನೆರೆದಿದ್ದವರು ಏಳು ಹಟ್ಟಿಯ ಯಜಮಾನರು. ಓಬಳೇಶನ ಜೊತೆ ಗುಡ್ಡದ ಮೇಲಿದ್ದ ಮೂವರು ಯಜಮಾನರೂ ಸಂಧಾನವೆಂದು ತಿಳಿದು ಅವನಿಗಿಂತ ಮುಂಚೆಯೇ ಇಳಿದು ಬಂದು ಕೂತಿದ್ದರು. ಕಾಟವ್ವ ಹೊಸ್ತಿಲ ಬಳಿ ಕುಸಿದು ಮಗನ ತಲೆಯನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಸೂರಪ್ಪ ಕತ್ತಿ ಒರೆಸಿಕೊಂಡು ಯಜಮಾನರ ಕಡೆ ತಿರುಗಿ, ನಾನು ಇಟ್ಟ ಆಣೆ ಏನು, ಸೆರಗು ಹಿಡಿದವನ ಮೇಲೆ ಕೈಯೆತ್ತುವುದಿಲ್ಲ ಎಂದು, ಅವನು ಹಿಡಿದಿದ್ದನೆ, ನೀವೇ ಕಣ್ಣಾರೆ ಕಂಡಿರಿ, ಹೇಳಿ ಎಂದ. ಏಳೂ ಜನರ ಕೈಯಲ್ಲಿ ಈಟಿಯಿತ್ತು, ಎಲ್ಲರೂ ನೆಲ ನೋಡಿದರು. ಕೊನೆಗೆ ಅವರಲ್ಲಿ ಹಿರಿಯನಾದವನು, "ಕಟ್ಟಳೆ ಮುರಿದಂಗೆ ಕಾಣಲ್ಲ" ಎಂದ.

ಕಾಟವ್ವ ತಲೆಯೆತ್ತಿದಳು. ಅಳಲಿಲ್ಲ ಎನ್ನುತ್ತಾರೆ. ಅಳುವ ಹೊತ್ತು ದಾಟಿ ಹೋಗಿತ್ತು, ಅವಳ ಮೈಯೆಲ್ಲ ಬೆಂಕಿಯಾಗಿತ್ತು.

"ಕಟ್ಟಳೆ ಮುರಿದಿಲ್ವಾ? ಅವನು ಸೆರಗು ಬಿಟ್ಟಿದ್ದು ಯಾಕೆ ಅಂತ ನಿಮಗೆ ಕಾಣ್ಲಿಲ್ವಾ? ನಿಮ್ಮೆದುರಿಗೆ ನನ್ನ ಮೈ ಬರಿದಾಗಬಾರ್ದು ಅಂತ ಬಿಟ್ಟ ಕಣ್ರೋ! ಅವನೊಬ್ಬ ನನಗೆ ಮರೆಯಾದ. ನೀವು ಇಷ್ಟು ಜನ ಗಂಡಸ್ರು ಒಂದು ಕಟ್ಟಳೆ ಮರೇಲಿ ಬಚ್ಚಿಟ್ಕಂಡ್ರಿ. ನಿಮ್ಮ ಹೆಂಡ್ರು ಮಕ್ಕಳಿಗೆ ಮಕ ತೋರ್ಸಿ, ಹೋಗ್ರಿ!"

ಸೂರಪ್ಪನಿಗೆ ಅವಸರವಿತ್ತು. ನೆತ್ತರು ಆರುವ ಮೊದಲೇ ಪಟ್ಟವಾಗಿಬಿಡಬೇಕು. ಅವನು ಅಲ್ಲೇ ರುಮಾಲು ತರಿಸಿ ಸುತ್ತಿಕೊಂಡ, ದೀಪ ತರಿಸಿ ಅವಳ ಮುಂದೆ ಹಿಡಿಸಿದ. ಕಾಟವ್ವ ದೀಪ ತೆಗೆದುಕೊಂಡಳು. ಅದನ್ನು ಅವನ ಮುಖಕ್ಕಲ್ಲ, ಮಡಿಲಲ್ಲಿದ್ದ ಮುಖಕ್ಕೆ ಹಿಡಿದು, "ನಾ ಕಂಡೆ, ನನ್ನ ಮಗನೇ ಹೌದು" ಎಂದಳು. ಆಮೇಲೆ ದೀಪವನ್ನು ಆ ನೆತ್ತರಿನಲ್ಲೇ ಅದ್ದಿ ಆರಿಸಿ, ಸೂರಪ್ಪನಿಗೆ ಬೆನ್ನು ಹಾಕಿ ಎದ್ದು ನಿಂತಳು. ಕಾವಲಿನವನು ದಿಡ್ಡಿಯ ಕಡೆ ಕೈ ತೋರಿದಾಗ, "ನಾನಿನ್ನು ಬಗ್ಗಲ್ಲ, ದೊಡ್ಡ ಬಾಗ್ಲು ತೆಗಿ" ಎಂದಳು. ಅವನು ನಾಯಕನ ಅಪ್ಪಣೆಗೂ ಕಾಯಲಿಲ್ಲ, ಹೆದರಿ ಅಗುಳಿಗೆ ಕೈ ಹಾಕಿದ. ಬೆಳಗಿನಿಂದ ಬಿಗಿದುಕೊಂಡಿದೆ ಎಂದಿದ್ದ ಅಗುಳಿ ಒಂದು ಬೆರಳಿಗೇ ಸರಿದು ಬಂತು. ಅದನ್ನೂ ಏಳು ಯಜಮಾನರು ನೋಡಿದರು.

ಅವಳು ನೇರ ನವಿಲುಗುಡ್ಡ ಹತ್ತಿದಳು. ಓಬಳೇಶ ಕತ್ತಿ ಬಿಚ್ಚಿಟ್ಟ ಬಂಡೆಯ ಪಕ್ಕದಲ್ಲಿ, ಅಂಚಿನಲ್ಲಿ, ಕೋಟೆಗೆ ಬೆನ್ನು ಮಾಡಿ ಕೂತಳು. ಕೋಟೆಯಲ್ಲಿ ಆ ದಿನವೇ ಬೇರೊಬ್ಬ ಹೆಂಗಸನ್ನು ಹಿಡಿದು ತಂದು ಅವಳ ಕೈಗೆ ದೀಪ ಕೊಟ್ಟರು. ಪಾಪ, ಅವಳು ಎಂದೂ ಅರಮನೆಯ ಕೂಸನ್ನು ಎತ್ತಿಕೊಂಡವಳಲ್ಲ. ದೀಪ ಹಿಡಿದಳು, ಹೇಳಿಕೊಟ್ಟ ಮಾತನ್ನು ಹೇಳಿದಳು. ಅವಳು ಹಾಲವ್ವ ಅಲ್ಲವೆಂದು ಯಜಮಾನರಿಗೆ ಗೊತ್ತಿತ್ತು. ಆದರೂ ಒಬ್ಬೊಬ್ಬರೇ ಬಂದು ಈಟಿ ಇಟ್ಟು ಕೈಮುಗಿದರು. ಗುಡ್ಡದಲ್ಲಿ ಓಬಳೇಶನ ಅನ್ನ ಉಂಡ ಮೂವರೂ ಇಟ್ಟರು. ಸೂರಪ್ಪ ನಾಯಕನ ಸಿಂಹಾಸನ ಗಟ್ಟಿಯಾದದ್ದು ಹೀಗೆ. ಕತ್ತಿಯಿಂದ ಅರ್ಧ ಗಟ್ಟಿಯಾಯಿತು, ಉಳಿದ ಅರ್ಧ ಗಟ್ಟಿಯಾದದ್ದು ಈ ದೊಡ್ಡ ಮನುಷ್ಯರು ನೆಲ ನೋಡಿದ್ದರಿಂದ.

ಆಮೇಲೆ ಅವನು ಬಹಳ ಕಾಲ ಆಳಿದ. ಕೆರೆ ತೋಡಿಸಿದ್ದು ನಿಜ, ಬುರುಜು ಕಟ್ಟಿಸಿದ್ದೂ ನಿಜ. ಅವನ ಮುಂದೆ ನಿಂತು ಇಲ್ಲ ಎನ್ನುವವರು ಯಾರೂ ಉಳಿದಿರಲಿಲ್ಲ. ಆದರೆ ಅರಮನೆಯ ಪಡುವಲ ಕಿಟಕಿ ತೆರೆದರೆ ಸಾಕು, ಎದುರಿನ ಗುಡ್ಡದ ಅಂಚಿನಲ್ಲಿ ಆ ಬೆನ್ನು. ಬೆಳಗಿನ ಬಿಸಿಲು ಮೊದಲು ಬೀಳುತ್ತಿದ್ದದ್ದೇ ಅದರ ಮೇಲೆ. ಕೊನೆಗೆ ತಡೆಯಲಾರದೆ ಅವನು ಪಲ್ಲಕ್ಕಿಯಲ್ಲಿ ಗುಡ್ಡಕ್ಕೆ ಬಂದ. ಎದುರಿಗೆ ಹೋಗಿ ನಿಲ್ಲೋಣವೆಂದರೆ ನಿಲ್ಲಲು ನೆಲವಿರಲಿಲ್ಲ, ಎದುರಿಗಿದ್ದದ್ದು ಬರೀ ಗಾಳಿ. ಅವಳ ಬೆನ್ನ ಹಿಂದೆ ನಿಂತೇ ಬೇಡಿಕೊಂಡ.

"ಅವ್ವಾ, ಒಂದು ಸಲ ತಿರುಗಿ ನೋಡು. ಬೈಯಿ, ಶಾಪ ಹಾಕು, ಮಕ ನೋಡಿ ಹಾಕು. ನಾನು ನಿನ್ನ ಮಗ ಸೂರ."

"ನನಗೆ ಇಬ್ರು ಮಕ್ಕಳಿದ್ರು" ಎಂದಳು ಕಾಟವ್ವ, ತಿರುಗದೆ. "ಇಬ್ರೂ ಆ ದಿಡ್ಡೀಲೇ ಹೋದ್ರು. ನೀನು ಯಾರೋ ನನಗೆ ಗೊತ್ತಿಲ್ಲ."

ಆಳುಗಳು ಅವಳನ್ನು ಹಿಡಿದು ತಿರುಗಿಸೋಣವೇ ಎಂಬಂತೆ ನಾಯಕನ ಮುಖ ನೋಡಿದರು. ಅವನು ಬೇಡವೆಂದು ತಲೆಯಾಡಿಸಿ ಇಳಿದು ಹೋದ. ಹೋದವನೇ ಅರಮನೆಯ ಪಡುವಲ ಗೋಡೆಯ ಕಿಟಕಿಗಳನ್ನೆಲ್ಲ ಕಲ್ಲಿಟ್ಟು ಮುಚ್ಚಿಸಿದ. ಕಾಟವ್ವ ಅಲ್ಲಿಯೇ ಕೂತು ಕೂತು ಕಲ್ಲಾದಳು ಎನ್ನುತ್ತಾರೆ. ಕಲ್ಲಾದಳು ಎನ್ನುವುದು ಗಂಡಸರಿಗೆ ಅನುಕೂಲದ ಮಾತು. ಕಲ್ಲಾಗುವ ಮುಂಚೆ ಅವಳು ಎಷ್ಟೋ ಕಾಲ ಬದುಕಿದ್ದಳು, ಅವಳಿಗೆ ಹಸಿವಾಗುತ್ತಿತ್ತು. ಏಳು ಹಟ್ಟಿಯ ಹೆಂಗಸರು ಸೌದೆಯ ನೆಪ ಮಾಡಿಕೊಂಡು, ಗಂಡಂದಿರ ಕಣ್ಣು ತಪ್ಪಿಸಿ, ಸರದಿಯ ಮೇಲೆ ಅಂಬಲಿ ಒಯ್ದು ಅವಳ ಬೆನ್ನ ಹಿಂದೆ ಇಟ್ಟು ಬರುತ್ತಿದ್ದರು. ಬೆನ್ನವ್ವ ಎಂದು ಮೊದಲು ಕರೆದವರು ಅವರೇ, ನವಿಲುಗುಡ್ಡ ಬೆನ್ನವ್ವನ ಗುಡ್ಡವಾದದ್ದೂ ಅವರ ಬಾಯಲ್ಲೇ. ಗಂಡಂದಿರ ಮೇಲಿನ ಸಿಟ್ಟನ್ನು ಅವರು ಇನ್ನೊಂದು ರೀತಿಯಲ್ಲೂ ತೀರಿಸಿಕೊಂಡರು. ಅಂದಿನಿಂದ ಯಾವ ಹೊಸ ಮನೆ ಕಟ್ಟಿದರೂ, ಬಾಗಿಲು ಕಿರಿದಾಗಿದ್ದರೆ ಮನೆಯೊಡತಿ ಹೊಸ್ತಿಲು ದಾಟುತ್ತಿರಲಿಲ್ಲ. ಮಳೆ ಬರಲಿ, ಬಿಸಿಲು ಬರಲಿ, ಅಂಗಳದಲ್ಲೇ ಒಲೆ ಹೂಡುತ್ತಿದ್ದಳು. ಗಂಡಸರು ಬೈದು, ಗೊಣಗಿ, ಕೊನೆಗೆ ಗೋಡೆ ಒಡೆದರು.

ಈಗ ಕರೇಕಲ್ಲಿಗೆ ಹೋದವರಿಗೆ ಅರಮನೆಯ ಪಾಳು ಗೋಡೆಯಲ್ಲಿ ಕಲ್ಲು ತುಂಬಿದ ಕಿಟಕಿಗಳು ಕಾಣುತ್ತವೆ. ಶತ್ರುಗಳ ಭಯಕ್ಕೆ ಮುಚ್ಚಿಸಿದ್ದು ಎಂದು ಕೋಟೆ ತೋರಿಸುವವರು ಹೇಳುತ್ತಾರೆ, ನಂಬಬೇಡಿ. ದೊಡ್ಡ ಬಾಗಿಲಿನ ಮರ ಎಂದೋ ಗೆದ್ದಲು ಹಿಡಿದು ಹೋಗಿದೆ, ದಿಡ್ಡಿಯಿದ್ದ ಕಡೆಯ ಹೊಸ್ತಿಲ ಕಲ್ಲು ಮಾತ್ರ ಉಳಿದಿದೆ. ಊರಿನವರು ಅದನ್ನು ತುಳಿಯುವುದಿಲ್ಲ, ಪಕ್ಕದ ಬಿರುಕು ಗೋಡೆ ಹತ್ತಿ ಒಳಗೆ ಹೋಗುತ್ತಾರೆ. ಕೋಟೆ ಇಳಿದು ಊರೊಳಗೆ ನಡೆದರೆ ಇನ್ನೊಂದು ಕಾಣುತ್ತದೆ. ತಗಡಿನ ಮಾಡಿನ ಬಡ ಮನೆಯಾದರೂ ಸರಿ, ಮೊನ್ನೆ ಕಟ್ಟಿದ ತಾರಸಿ ಮನೆಯಾದರೂ ಸರಿ, ಬಾಗಿಲು ಮಾತ್ರ ಮನೆಗೆ ಮೀರಿದ ಅಗಲ. ಬಡಗಿ ಚೌಕಟ್ಟಿಗೆ ಮರ ಕೊಯ್ಯುವ ಮೊದಲು ಆ ಮನೆಯ ತಾಯಿಯನ್ನೂ ಮಗುವನ್ನೂ ಅಂಗಳದಲ್ಲಿ ಜೊತೆಯಾಗಿ ನಿಲ್ಲಿಸಿ ಅಳತೆ ತೆಗೆಯುತ್ತಾನೆ. ಈ ಊರಿನಲ್ಲಿ ಯಾವ ಬಾಗಿಲು ದಾಟುವಾಗಲೂ ಮಗು ಅವ್ವನ ಸೆರಗು ಬಿಡಬೇಕಾಗಿಲ್ಲ.